ಹಳದಿ ಹರಳಿನ ಜೊತೆಗಾರ

ಮಾರ್ಚ್ ೧೪, ಗುರುವಾರ

ರೀ,

ಕ್ಷೇಮವಾಗಿದ್ದೀರೆಂದು ಬಲ್ಲೆ, ನಿನ್ನೆ ಸಭೆಯಲ್ಲಿ ಕಣ್ಣಾರೆ ನೋಡಿದೆನಲ್ಲ. ಬೇರೆ ಮನೆ, ಬೇರೆ ಲ್ಯಾಬು ಮಾಡಿಕೊಂಡ ಮೇಲೆ ಎದುರು ಸಿಕ್ಕರೆ ತಲೆಯಾಡಿಸುವಷ್ಟೇ ನಮ್ಮ ಬಳಕೆ. ಆದರೂ ಇವತ್ತು ಬರೆಯದೆ ಇರಲಾರೆ.

ನಾವು 'ಕಹಿರಾಣಿ' ಎಂದು ಅಡ್ಡಹೆಸರಿಟ್ಟ ಸೊಪ್ಪು ನಿಮಗೆ ಹೆಸರು ತಂದ ಗಿಡ. ತಿಂದ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಕ್ಕೆ ಅದರ ರಸ ಕಡಿವಾಣ ಹಾಕುತ್ತದೆ. ಹಾಕುವುದು ಅದರೊಳಗಿನ ಹಳದಿ ಹರಳೊಂದೇ ಎಂದು ನೀವು ಬರೆದಿದ್ದಿರಿ. ನನ್ನ ಕೈಯಲ್ಲಿ ಮಾತ್ರ ಆ ಹರಳು ಶುದ್ಧ ಮಾಡಿದಷ್ಟೂ ಸಪ್ಪೆಯಾಯಿತು. ಕಿಣ್ವ ತನ್ನ ಪಾಡಿಗೆ ಸಕ್ಕರೆ ಮಾಡುತ್ತಲೇ ಇತ್ತು. ನಿಮಗೆ ಹೇಳಿ ಕಳಿಸಿ, ಜಗಳಕ್ಕೆ ಬರುತ್ತೀರೆಂದು ಸೊಂಟ ಕಟ್ಟಿ ಕೂತೆ. ನೀವು ಸೋಲೊಪ್ಪುವ ಪೈಕಿಯಲ್ಲ. ಮನೆ ಬಿಟ್ಟ ದಿನ ನಾನು ಅಂದದ್ದೂ ಅದನ್ನೇ.

ಬಂದಿರಿ. ಕೈಯಲ್ಲಿ ಪುಟ್ಟ ಸೀಸೆ. "ಇದು ನನ್ನ ಆಗಿನ ಹರಳು. ನೀನೇ ನೋಡು. ನಾನು ನೋಡಿದ್ರೆ ನನಗೆ ಬೇಕಾದ್ದೇ ಕಾಣತ್ತೆ," ಅಂದಿರಿ. ಆ ಸೀಸೆ ಉಳಿದಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಕೊಡದಿದ್ದರೆ ಕೇಳುವವರೂ ಇರಲಿಲ್ಲ. ಘಟಕಗಳನ್ನು ಬಿಡಿಸಿ ತೋರಿಸುವ ಯಂತ್ರ ಗೀಚಿದ ಗೆರೆಯಲ್ಲಿ, ಹಳದಿಯ ದೊಡ್ಡ ಶಿಖರದ ಮಗ್ಗುಲಿಗೆ ಸಣ್ಣದೊಂದು ಉಬ್ಬು: ಬಣ್ಣವಿಲ್ಲದ ಇನ್ನೊಂದು ವಸ್ತು. ಅದನ್ನು ಬೇರ್ಪಡಿಸಿ ನನ್ನ ಶುದ್ಧ ಹರಳಿಗೆ ಚೂರು ಬೆರೆಸಿದೆ. ಕಿಣ್ವ ಗಪ್‌ಚಿಪ್! ಬಿಡಿಬಿಡಿಯಾಗಿ ಎರಡೂ ಕೆಲಸಕ್ಕೆ ಬಾರದವು.

ನಿನ್ನೆ ಸಭೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ನೀವು ಎದ್ದು, "ನನ್ನ ಹರಳು ಶುದ್ಧವಾಗಿರ್ಲಿಲ್ಲ. ತಪ್ಪು ನಂದು, ಕಂಡುಹಿಡಿದದ್ದು ಇವಳು," ಅಂದಿರಿ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಿಮ್ಮ ಕಿವಿ ಕೆಂಪಾಯಿತು, ದನಿ ಅಲುಗಲಿಲ್ಲ. ನನಗೆ ಎದೆ ತುಂಬಿ ಬಂದು, ಪಕ್ಕದಲ್ಲಿದ್ದ ವಿಭಾಗದ ಮುಖ್ಯಸ್ಥೆಗೆ "ಇವರು ನಮ್ಮನೆಯವರು" ಎಂದುಬಿಟ್ಟೆ. "ಗೊತ್ತು ಕಣಮ್ಮ, ಮರೆತಿದ್ದು ನೀವಿಬ್ಬರೇ," ಎಂದು ಅವರು ನಕ್ಕರು.

ಹೆಸರು ಕಟ್ಟಿಕೊಂಡವರನ್ನು ಬಹಳ ಕಂಡಿದ್ದೇನೆ. ಕಟ್ಟಿದ್ದನ್ನು ತಾವೇ ಬಿಚ್ಚಿ ಎಲ್ಲರ ಮುಂದಿಡುವ ಗಟ್ಟಿಗರನ್ನು ಕಂಡದ್ದು ನಿನ್ನೆಯೇ.

ನಿಮ್ಮವಳು
(ಹೌದು, ಯೋಚಿಸಿಯೇ ಬರೆದೆ)

ಮರೆತ ಮಾತು: ಈ ಜೋಡಿ ವಸ್ತುಗಳ ಬಗ್ಗೆ ನಾನು ಬರೆದ ಹೊಸ ಲೇಖನದಿಂದ ನಿಮ್ಮ ಹೆಸರು ತೆಗೆಯಲು ಆಫೀಸಿಗೆ ಹೇಳಿದಿರಂತೆ. ತೆಗೆದಿಲ್ಲ, ನನ್ನ ಹೆಸರಿನ ಪಕ್ಕದಲ್ಲೇ ಇದೆ. ಮತ್ತೆ ತೆಗೆಯಿರಿ ಅಂದರೆ ಮಾತು ಬಿಡುತ್ತೇನೆ. ಬಿಡುವುದಕ್ಕಾದರೂ ಮೊದಲು ಮಾತು ಶುರುವಾಗಬೇಕಲ್ಲ. ಭಾನುವಾರ ಊಟಕ್ಕೆ ಬನ್ನಿ.