ಹೂಜಿಯೊಳಗಿನ ಮೊಳೆ

ಸಲೋನಿಕ
ನಿಸಾನ್ ತಿಂಗಳ ಹತ್ತು, ಗುರುವಾರ

ನನ್ನ ಬಂಗಾರ ಶೆಮ್ತೋವ್‌ಗೆ, ಅಮ್ಮನ ಮುತ್ತುಗಳು.

ಹೇಗಿದ್ದೀಯಪ್ಪಾ? ಕೆಮ್ಮು ನಿಂತಿತೇ? ಅಲೆಪ್ಪೊದ ಧೂಳು ಎದೆಗೆ ಒಳ್ಳೆಯದಲ್ಲವೆಂದು ನೀನು ಹಡಗು ಹತ್ತುವಾಗಲೇ ನಾನು ಹೇಳಿದ್ದೆ, ಎಲ್ಲಿ ಕೇಳುತ್ತೀಯ! ಸೋಂಪು ಕುಟ್ಟಿ ಜೇನಿನಲ್ಲಿ ಕಲಸಿಕೊಂಡು ನೆಕ್ಕು. ನಿನ್ನ ಸೋದರಮಾವನ ಹೆಂಡತಿ ಅಡುಗೆಗೆ ಉಪ್ಪೇ ಹಾಕುವುದಿಲ್ಲವೆಂದು ನೀನು ಬರೆದಿದ್ದೆ. ಅವಳ ಮುಂದೆ ಮುಖ ಸಿಂಡರಿಸಬೇಡ, ಜೇಬಿನಲ್ಲಿ ಒಂದು ಚಿಟಿಕೆ ಇಟ್ಟುಕೊಂಡಿರು. ನಾನು ಗುಂಡುಕಲ್ಲಿನ ಹಾಗಿದ್ದೇನೆ. ನಿನ್ನಪ್ಪನ ಕಣ್ಣು ಮಂಜಾಗುತ್ತಿದೆ, ನಾಲಿಗೆ ಮಾತ್ರ ಮೊದಲಿನಷ್ಟೇ ಹರಿತ. ಪೆಸಾಹ್ ಹಬ್ಬ ಹತ್ತಿರ ಬಂತು. ಮನೆಯಲ್ಲಿ ರೊಟ್ಟಿಯ ಒಂದು ಚೂರೂ ಉಳಿಯಬಾರದೆಂದು ಮೂಲೆಮೂಲೆ ಗುಡಿಸಿ ಸೊಂಟ ಬಿದ್ದುಹೋಗಿದೆ. ಆದರೂ ಇವತ್ತು ನನಗೆ ಎಷ್ಟು ಸಂತೋಷವಾಗಿದೆಯೆಂದರೆ ಪೊರಕೆ ಬಿಸಾಕಿ ಬರೆಯಲು ಕೂತಿದ್ದೇನೆ.

ನೀನು ಹೋದ ಶರತ್ಕಾಲದ ಆ ಊಟ ನೆನಪಿದೆಯಲ್ಲ? ನಿನ್ನ ತಾತ ಹೀಬ್ರೂವಿನಲ್ಲಿ ಬರೆದ, ಸ್ಪೇನಿನಿಂದ ಓಡಿಬರುವಾಗ ಹಡಗಿನಲ್ಲಿ ಎದೆಗವಚಿಕೊಂಡು ತಂದ ಸೂರ್ಯ ಚಂದ್ರರ ಗಣಿತದ ಪುಸ್ತಕವನ್ನು ಅಪ್ಪ ತಮ್ಮ ಅಚ್ಚುಮನೆಯಲ್ಲಿ ಅಚ್ಚು ಹಾಕಲು ಶುರುಮಾಡಿದ್ದರು. ಅರಬ್ಬಿ ಬಾರದ ನಮ್ಮ ಮಕ್ಕಳೂ ಆಕಾಶದ ಲೆಕ್ಕ ಕಲಿಯಲಿ ಎಂಬುದು ತಾತನ ಆಸೆ. ಹಗಲು ರಾತ್ರಿ ಸಮವಾಗುವ ದಿನ ಯಾವುದೆಂಬ ಅಧ್ಯಾಯಕ್ಕೆ ಬಂದಾಗ, ಅಂಗಳದಲ್ಲಿ ಕೋಲು ನೆಟ್ಟು ನೆರಳು ಅಳೆದಿದ್ದ ನೀನು ಬದನೆಕಾಯಿ ಬಾಯಲ್ಲಿಟ್ಟುಕೊಂಡೇ ಅಂದೆ: "ಅಪ್ಪಾ, ಸೂರ್ಯ ತಾತನ ಪುಸ್ತಕ ಓದಿಲ್ಲ. ಪುಸ್ತಕ ಹೇಳೋ ದಿನಕ್ಕಿಂತ ಮೊದ್ಲೇ ತಿರುಗಿಬಿಟ್ಟ. ವಸಂತದಲ್ಲೂ ಹಾಗೇ ಆಗುತ್ತೆ, ಎರಡು ವಾರದ ಮೇಲೆ ವ್ಯತ್ಯಾಸ." ಅಪ್ಪ ತಟ್ಟೆ ತಳ್ಳಿ, "ಹಾಗಾದ್ರೆ ಸೂರ್ಯನ ಮನೇಲೇ ಊಟ ಹಾಕಿಸ್ಕೋ ಹೋಗು!" ಅಂದರು. ನೀನೂ ಅವರ ಮಗನೇ ತಾನೇ, ಹೊರಟೇಬಿಟ್ಟೆ. ಆ ಅಧ್ಯಾಯ ಅಂದಿನಿಂದ ಅಚ್ಚಾಗದೆ ನಿಂತಿದೆ. ಉಳಿದದ್ದೆಲ್ಲ ಮುಗಿದು ಕಟ್ಟು ಕಟ್ಟಿ ಇಟ್ಟಾಗಿದೆ. ನನಗೇನಪ್ಪ, ಸೂರ್ಯ ಯಾವತ್ತು ತಿರುಗಿದರೇನು, ನೀವಿಬ್ಬರೂ ಮತ್ತೆ ಒಂದೇ ಮೇಜಿಗೆ ಕೂತರೆ ಸಾಕೆಂದು ಚಳಿಗಾಲವೆಲ್ಲ ದೇವರನ್ನು ಪೀಡಿಸುತ್ತಿದ್ದೆ.

ಈಗ ಕೇಳು. ಹೋದ ತಿಂಗಳು, ಆದಾರ್‌ನ ಕೊನೆಯಲ್ಲಿ ಒಂದು ಬೆಳಿಗ್ಗೆ ನೀರು ಬಗ್ಗಿಸಿಕೊಳ್ಳಲು ಹೂಜಿ ಎತ್ತಿದರೆ ಒಳಗೆ ಟಣ್ ಎಂದಿತು. ಕೈ ಹಾಕಿದರೆ ಕಬ್ಬಿಣದ ಮೊಳೆ! ನನ್ನ ಜೀವ ಬಾಯಿಗೆ ಬಂತು. ಋತು ತಿರುಗುವ ಗಳಿಗೆಯಲ್ಲಿ ನೀರಿಗೆ ವಿಷ ಇಳಿಯುತ್ತದೆ, ಮೊಳೆ ಹಾಕದೆ ಕುಡಿಯಬಾರದು ಎಂದು ನಮ್ಮಮ್ಮ, ಅವರಮ್ಮ ಎಲ್ಲರೂ ನಡೆಸಿಕೊಂಡು ಬಂದದ್ದು. ನಾನೇ ದಿನ ಮರೆತೆನೇ ಎಂದು ಪಂಚಾಂಗ ತೆರೆದು ನೋಡಿದೆ. ಇಲ್ಲ, ಹಗಲು ರಾತ್ರಿ ಸಮವಾಗುವ ತಿರುವು ಇನ್ನೂ ಎರಡು ವಾರಕ್ಕೂ ಆಚೆ ಇತ್ತು. "ಯಾರ್ರೀ ಇದನ್ನ ಹಾಕಿದ್ದು?" ಎಂದು ಕೂಗಿದೆ. ನಿನ್ನಪ್ಪ ಬಾಗಿಲ ಮರೆಯಿಂದ, "ಕಿರುಚ್ಬೇಡ ಕಣೆ. ತುಕ್ಕು ಹಿಡಿದಿತ್ತು, ತೊಳೆಯೋಕೆ ಹಾಕ್ದೆ" ಅಂದರು. ಕುಡಿಯುವ ನೀರಿನಲ್ಲಿ ಮೊಳೆ ತೊಳೆಯುವ ಮಹಾನುಭಾವರನ್ನು ಕಟ್ಟಿಕೊಂಡು ಇಷ್ಟು ವರ್ಷ ಬಾಳಿದ್ದೇನೆ ನೋಡು.

ನಾನೇನು ಪೆದ್ದಿಯೇ? ಸೀದಾ ಅಂಗಳಕ್ಕೆ ಹೋದೆ. ಒಲೆಗೆ ಹಾಕಿದೆ ಎಂದು ಅವರು ಹೇಳಿದ್ದ ನಿನ್ನ ಕೋಲು ದಾಳಿಂಬೆ ಗಿಡದ ಹಿಂದೆ ಠೀವಿಯಿಂದ ನಿಂತಿತ್ತು. ಆ ದಿನವಿಡೀ ಅವರು ಅಚ್ಚುಮನೆಗೂ ಹೋಗದೆ, ಮಂಡಿಯೂರಿ, ನೆರಳಿನ ತುದಿ ಸರಿದಲ್ಲೆಲ್ಲ ಒಂದೊಂದು ಕಲ್ಲು ಇಡುತ್ತಿದ್ದರು. ಕಣ್ಣು ಕಾಣದೆ ಎರಡು ಸಲ ಕೋಲಿಗೇ ಹಣೆ ಚಚ್ಚಿಕೊಂಡರು. ಹಗಲು ರಾತ್ರಿ ಸಮವಾದ ದಿನ ಆ ಕಲ್ಲುಗಳು ಬಾಗದೆ ನೇರ ಗೆರೆಯಲ್ಲಿ ಬರುತ್ತವೆ ಎಂದು ನೀನೇ ನನಗೆ ತೋರಿಸಿಕೊಟ್ಟಿದ್ದೆ. ಸಂಜೆ ಹೋಗಿ ನೋಡಿದರೆ ನೂಲು ಹಿಡಿದಂತೆ ನೆಟ್ಟಗಿತ್ತು ಸಾಲು. ನಿನ್ನಪ್ಪ ಪಕ್ಕದಲ್ಲಿ ಕಾಲು ಚಾಚಿ ಕೂತು ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. ನಾನಂತೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ನಿನ್ನ ಮಾತು ನಂಬದಿದ್ದರೆ ಅವರು ಮೊಳೆ ಹಾಕುತ್ತಿದ್ದರೇ, ಹೇಳು?

ನಿನ್ನೆ ಬುಧವಾರ ಊರಿನ ಪಂಚಾಂಗದ ಲೆಕ್ಕದಂತೆ ತಿರುವಿನ ದಿನ. ಇಪ್ಪತ್ತೆಂಟು ವರ್ಷಕ್ಕೊಮ್ಮೆ, ಸೂರ್ಯ ತಾನು ಹುಟ್ಟಿದ ಜಾಗಕ್ಕೇ ಮರಳುತ್ತಾನೆ ಎನ್ನುವ ಬೆಳಗು; ಅವನನ್ನು ಮಾಡಿದವನನ್ನು ಹೊಗಳಲು ಕೇರಿಗೆ ಕೇರಿಯೇ ಕಡಲ ಗೋಡೆಯ ಹತ್ತಿರ ಸೇರಿತ್ತು. ಕಳೆದ ಸಲ ನಾನು ಹೊಸ ಮದುಮಗಳು, ನಿದ್ದೆಗಣ್ಣಿನಲ್ಲಿ ತೂಗಾಡುತ್ತಿದ್ದೆ. ಈ ಸಲ ಹಾಡೇನು, ಕುಣಿತವೇನು! ಬೂದಿಯಲ್ಲಿ ಬೆಂದ ಮೊಟ್ಟೆ ಬುಟ್ಟಿಗಟ್ಟಲೆ ಹಂಚಿದೆವು. ನೆರೆಮನೆಯ ಜಮೀಲ ನಿನ್ನಪ್ಪನನ್ನು ಬೇಕೆಂದೇ ಕೆಣಕಿದಳು: "ಏನ್ ಮೊರ್ದೊ, ಸೂರ್ಯ ಇವತ್ತು ಬರಲ್ಲ ಅಂತ ನಿನ್ನ ಮಗ ಅಂದಿದ್ನಂತೆ? ಬಂದ್ನಲ್ಲ!" ನಿನ್ನಪ್ಪ ಎಲ್ಲರಿಗೂ ಕೇಳುವ ಹಾಗೆ, "ಸೂರ್ಯ ಎರಡು ವಾರದ ಹಿಂದೇನೇ ಬಂದ ಕಣಮ್ಮ, ನನ್ನ ಮಗ ಹೇಳಿದ ದಿನವೇ. ನಾವು ತಡವಾಗಿ ಬಂದಿದೀವಿ, ಅಷ್ಟೇ. ತಡವಾದ್ರೆ ಸ್ವಾಗತ ಹೇಳ್ಬಾರ್ದಾ?" ಅಂದು ಎಲ್ಲರಿಗಿಂತ ಜೋರಾಗಿ ಮಂತ್ರ ಹೇಳಿದರು. ಮುದಿ ರಬ್ಬಿ ಗಡ್ಡ ನೀವಿಕೊಂಡು, "ದಿನ ಹಿರಿಯರದ್ದು, ಲೆಕ್ಕ ಆಕಾಶದ್ದು, ಇಬ್ಬರನ್ನೂ ಸಿಟ್ಟಿಗೆಬ್ಬಿಸೋದು ಬೇಡ" ಎಂದು ನಕ್ಕುಬಿಟ್ಟರು. ಜಮೀಲಳ ಮುಖ ನೋಡಬೇಕಿತ್ತು ನೀನು.

ಮಾವನಿಗೆ, ಅವನ ಉಪ್ಪಿಲ್ಲದ ಹೆಂಡತಿಗೆ ನನ್ನ ನೆನಪು ಹೇಳು. ನಿನ್ನ ತಲೆಯ ಮೇಲೆ ನನ್ನೆರಡೂ ಕೈ ಇವೆ ಎಂದುಕೊಂಡು ಮಲಗು ಮಗನೇ. ಹೋದ ದಾರಿ, ಬರುವ ದಾರಿ ಎರಡೂ ನಿನಗೆ ಹಸನಾಗಿರಲಿ.

ನಿನ್ನ ಅಮ್ಮ
ಪಲೋಂಬ

ಮರೆತ ಮಾತು: ಕಾಗದಕ್ಕೆ ಮುದ್ರೆ ಒತ್ತಲು ಅರಗು ಕಾಯಿಸುತ್ತಿದ್ದೆ, ನಿನ್ನಪ್ಪ ಕಾಗದ ಕಿತ್ತುಕೊಂಡು ಮೂಗಿಗೆ ಹಿಡಿದು ಪೂರ್ತಿ ಓದಿದರು. ಮೊಳೆಯ ವಿಷಯ ಬಂದಾಗ ಕೆಮ್ಮಿದರು. ಅಚ್ಚುಮನೆಗೆ ಹೋಗಿ ಮಸಿ ಆರದ ಒಂದು ಹಾಳೆ ತಂದುಕೊಟ್ಟರು, ಅದನ್ನೂ ಇದರಲ್ಲಿಟ್ಟಿದ್ದೇನೆ. ತಾತನ ಅಧ್ಯಾಯ ಒಂದಕ್ಷರವೂ ಬದಲಾಗದೆ ಇದೆ. ಅದರ ಕೆಳಗೆ, "ಇದು ನನ್ನ ಮಗ ಶೆಮ್ತೋವ್ ನಮ್ಮ ಅಂಗಳದಲ್ಲಿ ಅಳೆದದ್ದು" ಎಂದು ನಿನ್ನ ಲೆಕ್ಕ. ಬೇಸಿಗೆಯ ತಿರುವಿನ ಜಾಗ ಮಾತ್ರ ಖಾಲಿ. "ಅದನ್ನ ಅಳೆಯೋಕೆ ನನ್ನ ಕಣ್ಣಿಗಾಗಲ್ಲ, ಅವನು ಬರೋವರೆಗೆ ಪುಸ್ತಕ ಹೊರಗೆ ಹೋಗಲ್ಲ ಅಂತ ಬರಿ" ಅಂದರು. ಹಡಗಿನವನು ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ, ಇವರು ಮತ್ತೆ ಬಂದು ಬೆನ್ನ ಹಿಂದೆ ನಿಂತಿದ್ದಾರೆ. ಇನ್ನೊಂದು ಮಾತು ಸೇರಿಸಬೇಕಂತೆ: "ಊಟಕ್ಕೆ ಸೂರ್ಯನ ಮನೆಗೆ ಹೋಗೋದು ಬೇಡ, ಇಲ್ಲೇ ತಟ್ಟೆ ಹಾಕಿದೆ."