ಗೆರೆ ಡೊಂಕಾದವರಿಗೆ ಹಸಿರು ಚೀಟಿ

ಮಾನ್ಯ ನೇತ್ರ ಆರೋಗ್ಯ ನಿರ್ದೇಶಕರೇ,

ನಿಮ್ಮ ಕಣ್ಣಿನ ಕೇಂದ್ರದ ಯಂತ್ರ ನನ್ನ ಅಕ್ಕನಿಗೆ 'ತೊಂದರೆ ಇಲ್ಲ' ಎಂಬ ಹಸಿರು ಚೀಟಿ ಕೊಟ್ಟಿತು. ಆರು ವಾರದೊಳಗೆ ಅವಳ ಬಲಗಣ್ಣಿನ ನಡುನೋಟ ಹೋಯಿತು. ಈಗ ಎಡಗಣ್ಣಿನ ಸರದಿ. ಅದಕ್ಕೂ ಅದೇ ಚೀಟಿ ಸಿಕ್ಕಿದೆ. ಬಲಗಣ್ಣಿನ ಬಗ್ಗೆ ತಮಗೆ ಬರೆದ ಎರಡು ಪತ್ರಗಳಿಗೆ 'ಸ್ವೀಕರಿಸಲಾಗಿದೆ' ಎಂಬ ಮುದ್ರೆ ಬಂತು. ಎಡಗಣ್ಣಿಗೆ ಅಷ್ಟು ಪುರುಸೊತ್ತಿಲ್ಲ. ಆದ್ದರಿಂದ ಈ ಸಲ ನಾಲ್ಕು ಜನ ಕೇಳುವಂತೆ ಬರೆಯುತ್ತಿದ್ದೇನೆ.

ನಾವಿಬ್ಬರೂ ದರ್ಜಿಗಳು. ಬಟ್ಟೆ ಕತ್ತರಿಸುವವಳು ಅಕ್ಕ, ಕಾಜಾ ಗುಂಡಿ ನನ್ನ ಪಾಲು. ನಲವತ್ತು ವರ್ಷದಿಂದ ಅವಳೆಳೆದ ಗೆರೆಯ ಮೇಲೆ ಕತ್ತರಿ ಕಣ್ಣುಮುಚ್ಚಿ ನಡೆದಿದೆ. ಒಂದು ದಿನ ಅವಳು ಉಕ್ಕಿನ ಅಡಿಪಟ್ಟಿಯನ್ನು ಬೆಳಕಿಗೆ ಹಿಡಿದು, "ಇದು ಬಾಗಿದೆ ಕಣೋ" ಅಂದಳು.

"ಉಕ್ಕು ಹೇಗೆ ಬಾಗುತ್ತೆ ಅಕ್ಕಾ?"

"ನಲವತ್ತು ವರ್ಷ ನಿನ್ನ ಮುಖ ನೋಡಿದ್ರೆ ಯಾವ ಉಕ್ಕಾದ್ರೂ ಬಾಗುತ್ತೆ."

ಹೊಸ ಪಟ್ಟಿ ತಂದೆವು. ಅದೂ ಬಾಗಿತ್ತು. ಮೂರನೆಯದೂ ಬಾಗಿತ್ತು. ಆಮೇಲೆ ಬಾಗಿಲ ಚೌಕಟ್ಟು, ಕಪಾಟಿನ ಅಂಚು ಎಲ್ಲ ಸೊಟ್ಟಗಾದವು. ಗಿರಾಕಿಗಳ ಎದುರಿಗೇ ನಾನು, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ನಕ್ಕೆ. ಅಕ್ಕನೂ ನಕ್ಕಳು. ಆದರೆ ಅರ್ಧ ಕತ್ತರಿಸಿದ ಅಂಗಿಯ ತೋಳನ್ನು ಹಾಗೇ ಮಡಿಸಿಟ್ಟು ಎದ್ದಳು. ನೆಲ ನಿಜವಾಗಿಯೂ ಡೊಂಕಾಗಿ ಕಾಣುವ ಕಾಯಿಲೆಯೊಂದಿದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಗುಂಡಿ ಹೊಲಿಯುವವನು. ತಮ್ಮ ಇಲಾಖೆಗೂ ಗೊತ್ತಿರಲಿಲ್ಲವೇ?

ನಿಮ್ಮ ಕೇಂದ್ರಕ್ಕೆ ಹೋದೆವು. ಮೊದಲು ಅಲ್ಲಿ ವೈದ್ಯರೊಬ್ಬರು ಕೂರುತ್ತಿದ್ದರು, "ಏನು ಕಾಣುತ್ತೆ, ಏನು ಕಾಣಲ್ಲ?" ಎಂದು ಕೇಳುತ್ತಿದ್ದರು. ಈಗ ಅವರ ಕುರ್ಚಿಯೂ ಇಲ್ಲ. ಮೇಜಿನ ಮೇಲೆ ಕಣ್ಣಿನ ಒಳಗೋಡೆಯ ಚಿತ್ರ ತೆಗೆದು ತಾನೇ ಓದಿ ಹೇಳುವ ಯಂತ್ರ, ಪಕ್ಕದಲ್ಲಿ ಗುಂಡಿ ಒತ್ತುವ ಒಬ್ಬ ಹೆಣ್ಣುಮಗಳು.

"ಗದ್ದ ಇಲ್ಲಿಡಿ ಆಂಟಿ. ರೆಪ್ಪೆ ಬಡೀಬೇಡಿ."

"ನೆಟ್ಟಗಿರೋದೆಲ್ಲ ಸೊಟ್ಟ ಕಾಣುತ್ತಮ್ಮಾ."

"ಅದನ್ನ ಬರೆಯೋಕೆ ಇದರಲ್ಲಿ ಜಾಗ ಇಲ್ಲ ಆಂಟಿ. ನೀವು ಹೇಳೋದು ಬೇಡ, ಅದೇ ನೋಡಿ ಹೇಳುತ್ತೆ."

ಒಂದು ನಿಮಿಷಕ್ಕೆ ಚೀಟಿ ಬಂತು. ಅಕ್ಕನ ಮುಖ ಅರಳಿತು. ದಾರಿಯುದ್ದಕ್ಕೂ ನನ್ನನ್ನು ಹೀಯಾಳಿಸಿದಳು: "ನೋಡಿದ್ಯಾ? ಪಟ್ಟಿದೇ ತಪ್ಪು. ಮೂರೂ ಒಂದೇ ಅಂಗಡೀವು." ಆರು ವಾರ ಅವಳು ಬೈದದ್ದು ಪಟ್ಟಿ ಮಾರಿದವನನ್ನು.

ಕೊನೆಗೆ ಬಿಳಿ ಕೋಟು ಹೊಲಿಸಲು ಬಂದ ಒಬ್ಬ ಕಣ್ಣಿನ ವೈದ್ಯೆ, ಅಕ್ಕ ತಲೆ ಓರೆ ಮಾಡಿ ಅಳತೆ ತೆಗೆಯುವುದನ್ನು ಕಂಡರು. ನಮ್ಮದೇ ಕಾಗದದ ಮೇಲೆ ಚೌಕುಳಿ ಎಳೆದು, ನಡುವೆ ಚುಕ್ಕಿಯಿಟ್ಟು, "ಎಡಗಣ್ಣು ಮುಚ್ಚಿಕೊಂಡು ಚುಕ್ಕಿ ನೋಡಿ" ಅಂದರು.

"ಗೆರೆ ಎಲ್ಲಾ ಬಟ್ಟೆ ಹಿಂಡಿದ ಹಾಗಿದೆ. ಚುಕ್ಕಿ ಎಲ್ಲಿಟ್ಟಿದ್ದೀರಿ?"

ವೈದ್ಯೆ ಅಂದೇ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಕಣ್ಣಿನ ಹಿಂಭಾಗದ ನಟ್ಟನಡುವೆ ರಕ್ತನಾಳ ಸೋರಿ, ಸೋರಿದ ಜಾಗದಲ್ಲಿ ಗಾಯದ ಕಲೆ ಕಟ್ಟಿತ್ತು. ಮೊದಲ ದಿನಗಳಲ್ಲೇ ಕಣ್ಣಿಗೆ ಸೂಜಿಮದ್ದು ಕೊಟ್ಟಿದ್ದರೆ ನೋಟ ಉಳಿಯುವ ಸಂಭವ ಚೆನ್ನಾಗಿತ್ತಂತೆ. ನಿಮ್ಮ ಯಂತ್ರಕ್ಕೆ ಕಲಿಸಿರುವುದು ಸಕ್ಕರೆ ಕಾಯಿಲೆಯಿಂದ ಕಣ್ಣಿಗಾಗುವ ಹಾನಿಯೊಂದನ್ನೇ ಎಂದು ಆಗ ತಿಳಿಯಿತು. ಅಕ್ಕನಿಗೆ ಸಕ್ಕರೆ ಕಾಯಿಲೆ ಇಲ್ಲ.

ನಮ್ಮಜ್ಜಿ ಒಂದು ಕತೆ ಹೇಳುತ್ತಿದ್ದಳು. ಒಬ್ಬ ಒಡೆಯ ಕಾವಲುಗಾರನಿಗೆ, "ಹೊಲಕ್ಕೆ ನರಿ ಬಂದರೆ ಕೂಗು" ಅಂದನಂತೆ. ಬೆಳಿಗ್ಗೆ ಬಂದು, "ನರಿ ಬಂತೇ?" ಎಂದು ಕೇಳಿದ. "ಇಲ್ಲ ಒಡೆಯಾ." ಒಡೆಯ ನೆಮ್ಮದಿಯಿಂದ ಮನೆಗೆ ಹೋದ. ಹೊಲವನ್ನು ಹಂದಿಗಳು ಮೇಯ್ದಿದ್ದವು. ಕಾವಲುಗಾರ ಸುಳ್ಳು ಹೇಳಲಿಲ್ಲ, ನಿಮ್ಮ ಯಂತ್ರವೂ ಹೇಳಿಲ್ಲ. ಅದು ಎಷ್ಟೋ ಸಕ್ಕರೆ ರೋಗಿಗಳ ಕಣ್ಣು ಉಳಿಸಿದೆ, ಅದರ ಮೇಲೆ ನನಗೆ ಹಗೆಯಿಲ್ಲ. 'ನಾನು ಹುಡುಕಿದ್ದು ಸಿಗಲಿಲ್ಲ' ಎಂದು ಅದು ಹೇಳಿದ್ದನ್ನು 'ತೊಂದರೆ ಇಲ್ಲ' ಎಂದು ಅಚ್ಚು ಹಾಕಿಸಿದ ಕೈ ಯಾವುದು? ಚೀಟಿಯಲ್ಲಿ ಒಂದು ಪದ ಉಳಿಸಲು ಎಷ್ಟು ಕಣ್ಣು ಖರ್ಚಾದರೆ ತಮಗೆ ಸಮಾಧಾನ?

ಕಳೆದ ವರ್ಷ ನಲವತ್ತು ಸಾವಿರ ಹಸಿರು ಚೀಟಿ ಕೊಟ್ಟೆವೆಂದು ಕೇಂದ್ರದ ಗೋಡೆಯ ಮೇಲೆ ಹೆಮ್ಮೆಯಿಂದ ಬರೆಸಿದ್ದೀರಿ. ಅದನ್ನು ಓದಿದಾಗೆಲ್ಲ ನನ್ನ ಬೆನ್ನು ತಣ್ಣಗಾಗುತ್ತದೆ. ಆ ಚೀಟಿ ಪಡೆದವರಲ್ಲಿ ಯಾವನೋ ಚಾಲಕ ರಸ್ತೆಗೆ ಬಿಳಿ ಗೆರೆ ಬಳಿದವನನ್ನು ಬೈಯುತ್ತಾ ಬಸ್ಸು ಓಡಿಸುತ್ತಿರಬಹುದು. ಇಂಥವರು ಮತ್ತೆ ಕೇಂದ್ರಕ್ಕೆ ಬರುವುದಿಲ್ಲ. ಬರಬೇಡಿ ಎಂದು ಚೀಟಿ ಕೊಟ್ಟವರು ನೀವೇ.

ವೈದ್ಯೆ ಹೋಗುವಾಗ, "ಎಡಗಣ್ಣಲ್ಲಿ ಗೆರೆ ಅಲುಗಿದ ದಿನವೇ ಬನ್ನಿ" ಅಂದಿದ್ದರು. ಅದೇ ತಿಂಗಳು ಅವರಿಗೆ ವರ್ಗವಾಯಿತು. ಕಳೆದ ಸೋಮವಾರ ಗೆರೆ ಅಲುಗಿತು. ಅಂದೇ ದೊಡ್ಡಾಸ್ಪತ್ರೆಗೆ ಓಡಿದೆವು. 'ತೊಂದರೆ ಇದೆ' ಎಂಬ ಕೇಂದ್ರದ ಕೆಂಪು ಚೀಟಿ ಇಲ್ಲದೆ ಒಳಗೆ ಬಿಡುವುದಿಲ್ಲ ಎಂಬುದು ನಿಮ್ಮ ಹೊಸ ನಿಯಮವಂತೆ. ಕೇಂದ್ರಕ್ಕೆ ಓಡಿದೆವು. ಚಿತ್ರ ತೆಗೆದರು. ಹಸಿರು. ಆ ಹೆಣ್ಣುಮಗಳು ತಲೆ ತಗ್ಗಿಸಿ, "ಕಂಪ್ಯೂಟರ್ ಮುಂದಿನ ವರ್ಷದ ತಾರೀಖೇ ಕೊಡ್ತಿದೆ ಆಂಟಿ, ನಾನೇನು ಮಾಡ್ಲಿ?" ಅಂದಳು.

ಇಂದು ಐದನೇ ದಿನ. ಅಕ್ಕ ಎದುರಿಗೆ ಕೂತು ನನ್ನನ್ನೇ ದಿಟ್ಟಿಸುತ್ತಿದ್ದಾಳೆ. ಬೆಳಿಗ್ಗೆ ಕೇಳಿದಳು: "ನಿನ್ನ ಮೂಗು ಮೊದಲಿಂದ್ಲೂ ಸೊಟ್ಟ ಇತ್ತೇನೋ?" ಆಗಲೇ ನಾನು ಸೂಜಿ ಕೆಳಗಿಟ್ಟು ಈ ಪತ್ರ ಬರೆಯಲು ಕೂತೆ.

ಯಂತ್ರ ಏನೇ ಹೇಳಲಿ, 'ಗೆರೆ ಡೊಂಕು ಕಾಣುತ್ತಿದೆ' ಎಂದ ಮನುಷ್ಯನನ್ನು ಅದೇ ವಾರ ವೈದ್ಯರು ನೋಡಬೇಕೆಂದು ಆಜ್ಞೆ ಹೊರಡಿಸಿ. ಹಸಿರು ಚೀಟಿ ಪಡೆದ ಅಷ್ಟೂ ಜನಕ್ಕೆ ಅದರ ನಿಜವಾದ ಅರ್ಥ ತಿಳಿಸಿ. ಇವಕ್ಕೆ ಸಭೆ, ಸಮಿತಿ ಬೇಕಾದೀತು, ಗೊತ್ತು. ಆದರೆ ದೊಡ್ಡಾಸ್ಪತ್ರೆಯ ಬಾಗಿಲು ತೆರೆಯಲು ತಮ್ಮ ಒಂದು ಫೋನು ಸಾಕು. ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಅಕ್ಕನ ಕೈ ಹಿಡಿದು ಆ ಬಾಗಿಲಲ್ಲಿ ನಿಂತಿರುತ್ತೇನೆ.

ಇಂತಿ,
ತನ್ನ ಎರಡೂ ಕಣ್ಣು ಸರಿಯಿವೆ ಎಂದು ಸದ್ಯಕ್ಕೆ ನಂಬಿರುವ,
ಕಾಜಾ ಗುಂಡಿಯವನು