ರಾಹುಕಾಲ ಕಳೆದ ಮೇಲೆ ಹೊರಟ ಹಡಗು

ಏನೂಂದ್ರೆ,

ನಿನ್ನೆ ಕ್ರೂಸ್ ಮುಗಿಸಿ ಜಯನಗರಕ್ಕೆ ವಾಪಸ್ ಬಂದೆ. ಇನ್ನೂ ಸೂಟ್‌ಕೇಸ್ ಬಿಚ್ಚಿಲ್ಲ, ಅಷ್ಟು ಸುಸ್ತು. ಕೊಚ್ಚಿಯಿಂದ ಮೂರು ದಿನ, ನಮ್ಮ ಪಾರ್ಕಿನ ಗುಂಪಿನವರ ಜೊತೆ. ಹಡಗಿಗೂ ವಯಸ್ಸಾಗಿತ್ತು. ಲಿಫ್ಟು ನರಳ್ತಿತ್ತು, ಒಳಗೆ ಮಂಡಿ ಹಿಡ್ಕೊಂಡು ನಾವೂ ನರಳ್ತಿದ್ವಿ.

ಹೊರಡಬೇಕಾಗಿದ್ದು ಭಾನುವಾರ ಸಂಜೆ ಐದಕ್ಕೆ. ಎಲ್ಲರೂ ಹತ್ತಿ ಕೂತ ಮೇಲೆ ಯಾರೋ, "ಈಗ ರಾಹುಕಾಲ ಅಲ್ವೇನ್ರೀ?" ಅಂದರು. ಒಬ್ಬರ ಮುಖ ಒಬ್ಬರು ನೋಡ್ಕೊಂಡರು. ನೀವಿದ್ದಿದ್ರೆ ಬ್ಯಾಗ್ ಎತ್ಕೊಂಡು ಇಳಿದೇ ಬಿಡ್ತಿದ್ರಿ. ಅಷ್ಟರಲ್ಲಿ ಇಂಜಿನ್ ತೊಂದರೆ, ಹೊರಡೋದು ತಡ ಆಗುತ್ತೆ ಅಂತ ಮೈಕಲ್ಲಿ ಹೇಳಿದರು. ಹಡಗು ಅಲ್ಲಾಡಿದಾಗ ಗಂಟೆ ಆರು ದಾಟಿತ್ತು. "ಸದ್ಯ, ರಾಹುಕಾಲ ಕಳೀತು!" ಅಂತ ಮೇಲಿನ ಮನೆ ಮೈತ್ರೇಯಿ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ನನ್ನ ಕೈ ಮಾತ್ರ ಏಳಲಿಲ್ಲ.

ನಲವತ್ತೊಂದು ವರ್ಷ ನಿಮ್ಮ ಪಂಚಾಂಗದ ಜೊತೆ ಜಗಳ ಆಡಿದೀನಿ. ಮದುವೆಮನೆಗೆ ಹೊರಟರೂ ಜಗಳ, ರೈಲಿಗೆ ಹೊರಟರೂ ಜಗಳ. ತರಕಾರಿ ತರೋಕೂ ನೀವು ಗಡಿಯಾರ ನೋಡ್ತಿದ್ರಿ, ನಾನು ಚೀಲ ಎತ್ಕೊಂಡು ನಡೆದೇ ಬಿಡ್ತಿದ್ದೆ. ಆ ಗುರುವಾರ ಮಧ್ಯಾಹ್ನ ಎದೆ ಹಿಡ್ಕೊಂಡು ಕೂತು, "ಮೂರು ಗಂಟೆ ತನಕ ರಾಹುಕಾಲ ಕಣೆ, ಕಳೆದ ಮೇಲೆ ಆಸ್ಪತ್ರೆಗೆ ಹೋಗೋಣ" ಅಂದ್ರಿ. ಪಾಪ, ನೋವಲ್ಲಿದ್ದಾರೆ, ಇವತ್ತೊಂದು ದಿನ ಎದುರು ಮಾತಾಡೋದು ಬೇಡ ಅಂದ್ಕೊಂಡೆ. ನಿಮ್ಮ ಪಕ್ಕದಲ್ಲೇ ಕೂತು ನಾನೂ ಗಡಿಯಾರ ನೋಡ್ತಿದ್ದೆ.

ಕರೆಸಿದ್ದ ಆಟೋ ಗೇಟಿನ ಮುಂದೆ ನಿಂತೇ ಇತ್ತು.